ಸಂದೇಹವಿರುವ ಕಥೆಯನ್ನು ಮಕ್ಕಳಿಗೆ ಹೇಳಬಹುದೆ?

ಪಾಠ ಹೇಳುವವನು ತಾನೇ ಪೂರ್ತಿಯಾಗಿ ನಂಬದ ಕಥೆಯನ್ನು ಮಕ್ಕಳ ಮುಂದೆ ನಡೆದ ಸಂಗತಿಯೆಂದು ಹೇಳಬಹುದೆ? ಕಥೆಯಿಂದ ಸದ್ಗುಣ ಬೆಳೆಯುವುದಾದರೆ ಸಂದೇಹವನ್ನು ನುಂಗಿಕೊಂಡು ಹೇಳುವುದು ಧರ್ಮವೋ, ಇಲ್ಲವೆ ಅದೂ ಒಂದು ಬಗೆಯ ಅಸತ್ಯವೋ? ಉಪಾಧ್ಯಾಯ ವೃತ್ತಿಯಲ್ಲಿರುವ ನಮ್ಮಲ್ಲಿ ಈ ಪ್ರಶ್ನೆಯನ್ನು ಎದುರಿಸದವರು ವಿರಳ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಇತಿಹಾಸವನ್ನು ಬರೆಯಲು ಕುಳಿತ ಲಿವಿಯೂ ಇದೇ ಪ್ರಶ್ನೆಯ ಮುಂದೆ ನಿಂತವನು. ಆತನ ಉತ್ತರದಲ್ಲಿ ನಾವು ಒಪ್ಪತಕ್ಕದ್ದೂ ಉಂಟು, ಒಪ್ಪಲಾಗದ್ದೂ ಉಂಟು.

ಟೈಟಸ್ ಲಿವಿಯಸ್ ಎಂಬುದು ಆತನ ಪೂರ್ಣ ಹೆಸರು. ಕ್ರಿ. ಪೂ. 59ರ ಸುಮಾರಿಗೆ ಉತ್ತರ ಇಟಲಿಯ ಪಟಾವಿಯಂ ನಗರದಲ್ಲಿ, ಎಂದರೆ ಇಂದಿನ ಪಾದುವದಲ್ಲಿ, ಹುಟ್ಟಿದನು. ಆ ಊರಿನವರಿಗೆ ರೋಮಿನ ಪೂರ್ಣ ಪೌರತ್ವ ದೊರೆತದ್ದೇ ಕ್ರಿ. ಪೂ. 49ರಲ್ಲಿ, ಆತನ ಬಾಲ್ಯದಲ್ಲಿ. ದಂಡನಾಯಕನಾಗಲಿ ಅಧಿಕಾರಿಯಾಗಲಿ ಆಗದೆ, ಬರವಣಿಗೆಯೊಂದನ್ನೇ ಬಾಳಿನ ಕೆಲಸವನ್ನಾಗಿ ಮಾಡಿಕೊಂಡನು. ನಗರದ ಸ್ಥಾಪನೆಯಿಂದ, ಎಂದರೆ ಸಂಪ್ರದಾಯದ ಲೆಕ್ಕದಂತೆ ಕ್ರಿ. ಪೂ. 753ರಿಂದ, ಕ್ರಿ. ಪೂ. 9ರವರೆಗಿನ ಚರಿತ್ರೆಯನ್ನು 142 ಭಾಗಗಳಲ್ಲಿ ಬರೆದನು. ಅವುಗಳಲ್ಲಿ ನಮ್ಮವರೆಗೆ ಉಳಿದು ಬಂದಿರುವುವು 35 ಮಾತ್ರ. ಆತನ ಕೀರ್ತಿಯನ್ನು ಕೇಳಿದ ಒಬ್ಬನು ದೂರದ ಸ್ಪೇನಿನ ಗಾಡೆಸ್ ಪಟ್ಟಣದಿಂದ ಬಂದು, ಲಿವಿಯ ಮುಖವನ್ನು ನೋಡಿದೊಡನೆಯೇ ಬೇರೇನನ್ನೂ ನೋಡದೆ ಹಿಂದಿರುಗಿದನಂತೆ. ಆದರೂ ಪೋಲಿಯೋ ಎಂಬ ವಿದ್ವಾಂಸನು ಈತನ ಭಾಷೆಯಲ್ಲಿ ಪಟಾವಿಯಂ ಊರಿನ ವಾಸನೆ ಬರುತ್ತದೆಂದು ಆಕ್ಷೇಪಿಸಿದನು. (ದೂರದ ಊರಿನವರ ನುಡಿಗೆ ಇಂಥ ಮೂದಲಿಕೆ ಅಂದೂ ತಪ್ಪಿರಲಿಲ್ಲ. ಗಡಿನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.)

ಲಿವಿಯು ತನ್ನ ಗ್ರಂಥದ ಪೀಠಿಕೆಯಲ್ಲಿಯೇ ತನ್ನ ನಿಲುವನ್ನು ತಿಳಿಸಿದ್ದಾನೆ. ನಗರವು ಹುಟ್ಟುವುದಕ್ಕೆ ಮುಂಚಿನ ಕಥೆಗಳು ಕಾವ್ಯಕ್ಕೆ ಒಪ್ಪುವಂಥವು. ಅವನ್ನು ನಿಜವೆಂದು ತಾನು ಸಾಧಿಸುವುದೂ ಇಲ್ಲ, ಸುಳ್ಳೆಂದು ಖಂಡಿಸುವುದೂ ಇಲ್ಲ ಎನ್ನುತ್ತಾನೆ. ಇತಿಹಾಸದ ಪ್ರಯೋಜನವಾದರೋ, ಅನುಸರಿಸತಕ್ಕ ನಡತೆ ಯಾವುದು, ಬಿಡತಕ್ಕ ನಡತೆ ಯಾವುದು ಎಂಬುದಕ್ಕೆ ಅದು ನಿದರ್ಶನಗಳನ್ನು ಒದಗಿಸುವುದು. ಈ ಎರಡು ಮಾತುಗಳ ನಡುವೆಯೇ ನಮ್ಮ ತೊಡಕು ಅಡಗಿದೆ. ನಿದರ್ಶನವು ನಡೆದೇ ಇಲ್ಲದ ಸಂಗತಿಯಾದರೆ ಅದು ಏನನ್ನು ನಿದರ್ಶಿಸುತ್ತದೆ?

ಹೊರೇಷಿಯಸ್ಸನ ಕಥೆಯನ್ನು ತೆಗೆದುಕೊಳ್ಳೋಣ. ಎಟ್ರುಸ್ಕನ್ ಅರಸನಾದ ಪೊರ್ಸೆನನು ರೋಮಿನ ಮೇಲೆ ದಂಡೆತ್ತಿ ಬಂದಾಗ ಈ ವೀರನು ಟೈಬರ್ ನದಿಯ ಮರದ ಸೇತುವೆಯ ಬಾಯಲ್ಲಿ ನಿಂತು ಶತ್ರುಗಳನ್ನು ತಡೆದನು. ಹಿಂದೆ ತನ್ನವರು ಸೇತುವೆಯನ್ನು ಕಡಿದುರುಳಿಸಿದ ಮೇಲೆ ಆಯುಧಸಹಿತ ನದಿಗೆ ಹಾರಿ, ಈಜಿ ದಡ ಸೇರಿದನು. ಲಿವಿಯು ಇದನ್ನು ಮೈನವಿರೇಳುವಂತೆ ವರ್ಣಿಸಿ, ನಡುವೆ ಒಂದು ಮಾತನ್ನು ಸೇರಿಸುತ್ತಾನೆ: ಈ ಸಾಹಸಕ್ಕೆ ಮುಂದಿನವರಲ್ಲಿ ದೊರೆಯುವ ಕೀರ್ತಿ ದೊಡ್ಡದು, ನಂಬಿಕೆ ಅಷ್ಟಲ್ಲ ಎಂಬ ಅರ್ಥದ ಮಾತು. ಆತನಿಗಿಂತ ಒಂದು ಶತಮಾನಕ್ಕೂ ಹಿಂದಿನವನಾದ ಪೊಲಿಬಿಯಸ್ಸನಲ್ಲಿ ಹೊರೇಷಿಯಸ್ಸನು ಈಜಿ ಬರುವುದಿಲ್ಲ; ನದಿಯಲ್ಲಿಯೇ ಪ್ರಾಣ ಬಿಡುತ್ತಾನೆ.

ಇಷ್ಟರವರೆಗೆ ಲಿವಿಯ ಮೇಲೆ ನಮಗೆ ದೂರಿಲ್ಲ. ಆದರೆ ಟಾಸಿಟಸ್ ಎಂಬ ಇನ್ನೊಬ್ಬ ರೋಮನ್ ಇತಿಹಾಸಕಾರನು, ಬೇರೊಂದು ಪ್ರಸಂಗದಲ್ಲಿ, ರೋಮ್ ನಗರವು ಪೊರ್ಸೆನನಿಗೆ ಶರಣಾಗಿತ್ತೆಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾನೆ. ಬೇಸಾಯಕ್ಕಲ್ಲದೆ ಬೇರಾವುದಕ್ಕೂ ರೋಮನರು ಕಬ್ಬಿಣವನ್ನು ಬಳಸಕೂಡದೆಂದು ಪೊರ್ಸೆನನ ಒಪ್ಪಂದದಲ್ಲಿ ನಿಬಂಧನೆಯಿತ್ತೆಂದು ಹಿರಿಯ ಪ್ಲಿನಿ ತಿಳಿಸುತ್ತಾನೆ. ಲಿವಿಯು ರೋಮ್ ಒತ್ತೆಯಾಳುಗಳನ್ನು ಕೊಟ್ಟಿತೆಂಬುದನ್ನೂ ನೆಲವನ್ನು ಬಿಟ್ಟುಕೊಟ್ಟಿತೆಂಬುದನ್ನೂ ಬರೆಯುತ್ತಾನೆ. ಶರಣಾಗತಿಯ ಮಾತನ್ನು ಎತ್ತುವುದಿಲ್ಲ. ಸೇತುವೆಯ ವೀರನ ಬೆನ್ನ ಹಿಂದೆ ಸೋತ ನಗರವೊಂದು ಮರೆಯಾಯಿತು. ಈಜಿದನೋ ಮುಳುಗಿದನೋ ಎಂಬ ಸಂದೇಹಕ್ಕಿಂತ ಇದು ಹಿರಿದು.

‘ಮಕ್ಕಳಿಗೆ ಇವೆಲ್ಲ ಏಕೆ? ಕಥೆ ಕೇಳಿ ಧೈರ್ಯವನ್ನು ಕಲಿತರೆ ಸಾಲದೆ? ನಾವು ಗೋವಿನ ಹಾಡನ್ನು ಹೇಳಿಕೊಡುವಾಗ ಪುಣ್ಯಕೋಟಿ ಯಾವ ಶತಮಾನದ ಹಸುವೆಂದು ಕೇಳುತ್ತೇವೆಯೆ?’ ಎಂದು ಸಹೋದ್ಯೋಗಿಗಳು ಆಕ್ಷೇಪಿಸಬಹುದು. ಆಕ್ಷೇಪವು ಬಲವಾದುದೇ. ಆದರೆ ಎರಡು ಕಥೆಗಳ ಜಾತಿಯೇ ಬೇರೆ. ಪುಣ್ಯಕೋಟಿಯ ಸತ್ಯವು ಆಕೆ ಕೊಟ್ಟ ಮಾತನ್ನು ಉಳಿಸಿಕೊಂಡುದರಲ್ಲಿದೆ. ಅಂಥ ಹಸು ಇರಲೇ ಇಲ್ಲವೆಂದರೂ ಆ ಸತ್ಯಕ್ಕೆ ಕೊರತೆಯಿಲ್ಲ. ಹೊರೇಷಿಯಸ್ಸನ ಕಥೆಯಾದರೋ ‘ನಮ್ಮ ಹಿರಿಯರು ಹೀಗೆ ಮಾಡಿದರು, ಆದುದರಿಂದ ನಾವು ಇಂಥವರು’ ಎಂದು ಹೇಳುತ್ತದೆ. ಆ ‘ಆದುದರಿಂದ’ ಎಂಬ ಮಾತು ನಿಲ್ಲಬೇಕಾದರೆ ಸಂಗತಿ ನಡೆದಿರಲೇಬೇಕು. ನೀತಿಯ ಕಥೆಗೆ ಸಾಕ್ಷಿ ಬೇಡ. ಅಭಿಮಾನದ ಕಥೆಗೆ ಬೇಕು. ಎರಡು ಭಾಷೆಯ ಮಕ್ಕಳು ಒಂದೇ ಬೀದಿಯಲ್ಲಿ ಆಡುವ ನಮ್ಮಂಥ ಊರುಗಳಲ್ಲಿ, ಒಂದು ಮನೆಯ ಗೆಲವು ಪಕ್ಕದ ಮನೆಯಲ್ಲಿ ಬೇರೆಯಾಗಿಯೇ ಹೇಳಲ್ಪಡುತ್ತಿರುತ್ತದೆ. ಸಾಕ್ಷಿಯನ್ನು ಕೇಳಲು ಕಲಿಯದ ಹುಡುಗನು ಅಲ್ಲಿ ಜಗಳವನ್ನಷ್ಟೇ ಕಲಿತಾನು.

ಲಿವಿಗೆ ಇದು ತಿಳಿಯದ ವಿಷಯವಲ್ಲ. ಮನೆತನದವರು ತಮ್ಮ ಹಿರಿಯರ ಶ್ರಾದ್ಧಸ್ತುತಿಗಳಲ್ಲಿಯೂ ಪ್ರತಿಮೆಗಳ ಕೆಳಗಿನ ಬರೆಹಗಳಲ್ಲಿಯೂ ಇಲ್ಲದ ಪದವಿಗಳನ್ನು ಸೇರಿಸಿ ಇತಿಹಾಸವನ್ನು ಕೆಡಿಸಿದರೆಂದು ಆತನೇ ಗೊಣಗುತ್ತಾನೆ. ಕಾಸಸ್ ಎಂಬ ಪುರಾತನ ವೀರನ ಪ್ರಸಂಗವಂತೂ ಸ್ವಾರಸ್ಯವಾಗಿದೆ. ಶತ್ರುರಾಜನನ್ನು ಕೊಂದು ಅವನ ಕವಚವನ್ನು ದೇವಾಲಯಕ್ಕೆ ಅರ್ಪಿಸಿದಾಗ ಕಾಸಸ್ಸನು ಕಾನ್ಸಲ್ ಆಗಿರಲಿಲ್ಲವೆಂದು ಹಿಂದಿನ ಬರೆಹಗಾರರೆಲ್ಲರೂ ಹೇಳಿದ್ದರು. ಲಿವಿಯೂ ಹಾಗೆಯೇ ಬರೆದನು. ಆದರೆ ಚಕ್ರವರ್ತಿ ಆಗಸ್ಟಸ್ಸನು, ಆ ದೇವಾಲಯದ ನಾರಿನ ಕವಚದ ಮೇಲೆ ಕಾನ್ಸಲ್ ಎಂದು ಬರೆದಿರುವುದನ್ನು ತಾನೇ ಓದಿದುದಾಗಿ ಹೇಳಿದನು. ಅದೇ ಗೌರವವನ್ನು ಕೇಳಬಹುದಾಗಿದ್ದ ಕ್ರಾಸಸ್ಸನೆಂಬ ಸೇನಾನಿಯೊಬ್ಬನು ಆಗ ಇದ್ದುದರಿಂದ, ಚಕ್ರವರ್ತಿಗೆ ಇದರಲ್ಲಿ ಸ್ವಂತ ಲಾಭವೂ ಇತ್ತೆಂದು ಪಂಡಿತರ ಊಹೆ. ಲಿವಿಯು ಚಕ್ರವರ್ತಿಯ ಮಾತನ್ನು ಗೌರವದಿಂದ ಸೇರಿಸಿದನು. ಮೊದಲು ಬರೆದುದನ್ನು ಅಳಿಸಲಿಲ್ಲ. ಎರಡೂ ಓದುಗನ ಮುಂದಿವೆ. ಧೀರತನವೆಂದು ಇದನ್ನು ಹೊಗಳಲಾರೆವು, ಹೇಡಿತನವೆಂದು ಜರೆಯಲೂ ಆರೆವು.

ಆತನ ಪ್ರಭಾವವು ಎರಡು ದಾರಿಗಳಲ್ಲಿ ಹರಿಯಿತು. ಒಂದು ನಿದರ್ಶನಗಳ ದಾರಿ. ಫ್ಲಾರೆನ್ಸಿನ ಮೇಕಿಯವೆಲ್ಲಿಯು ಲಿವಿಯ ಮೊದಲ ಹತ್ತು ಭಾಗಗಳನ್ನು ಆಧರಿಸಿ ರಾಜ್ಯನೀತಿಯನ್ನು ಕುರಿತ ದೊಡ್ಡ ಗ್ರಂಥವನ್ನೇ ಬರೆದನು; ಅದು 1531ರಲ್ಲಿ ಅಚ್ಚಾಯಿತು. ಅದರಲ್ಲಿ ನಮ್ಮ ವೃತ್ತಿಬಾಂಧವನೊಬ್ಬನ ಕಥೆಯೂ ಇದೆ. ಫಲೇರಿ ನಗರಕ್ಕೆ ರೋಮಿನ ಕೆಮಿಲಸ್ಸನು ಮುತ್ತಿಗೆ ಹಾಕಿದ್ದಾಗ ಅಲ್ಲಿನ ಉಪಾಧ್ಯಾಯನೊಬ್ಬನು, ಆಟವಾಡಿಸುವ ನೆಪದಿಂದ ಗಣ್ಯರ ಮಕ್ಕಳನ್ನು ಕೋಟೆಯ ಹೊರಗೆ ಕರೆದೊಯ್ದು ಶತ್ರುವಿಗೆ ಒಪ್ಪಿಸಿದನು. ಕೆಮಿಲಸ್ಸನು ಆ ದ್ರೋಹವನ್ನು ಒಲ್ಲದೆ, ಅವನ ಕೈಗಳನ್ನು ಹಿಂದಕ್ಕೆ ಕಟ್ಟಿಸಿ, ಮಕ್ಕಳ ಕೈಗೆ ಬೆತ್ತಗಳನ್ನು ಕೊಟ್ಟು, ಹೊಡೆದುಕೊಂಡು ಊರಿಗೆ ಹೋಗಿರೆಂದು ಕಳುಹಿಸಿದನು. ಈ ನ್ಯಾಯಬುದ್ಧಿಗೆ ಮೆಚ್ಚಿ ನಗರವೇ ಶರಣಾಯಿತೆಂದು ಕಥೆ.

ಇನ್ನೊಂದು ಸಂದೇಹದ ದಾರಿ. ಜರ್ಮನಿಯ ನೀಬೂರನು 1811ರಿಂದ ಪ್ರಕಟಿಸಿದ ರೋಮಿನ ಇತಿಹಾಸದಲ್ಲಿ ಈ ಹಳೆಯ ಕಥೆಗಳನ್ನು ಒರೆಗೆ ಹಚ್ಚಿ, ಇವುಗಳ ಹಿಂದೆ ಕಳೆದುಹೋದ ಜನಪದ ಲಾವಣಿಗಳಿದ್ದಿರಬೇಕೆಂದನು. ಆ ಊಹೆಯನ್ನು ಹಿಡಿದು, ಇಲ್ಲದ ಲಾವಣಿಗಳನ್ನು ಇಂಗ್ಲಿಷಿನಲ್ಲಿ ಕಟ್ಟಿಕೊಟ್ಟವನು ಮೆಕಾಲೆ. 1835ರ ವಿದ್ಯಾಭ್ಯಾಸದ ಟಿಪ್ಪಣಿಯಿಂದ ನಮ್ಮೆಲ್ಲರಿಗೂ ಪರಿಚಿತನಾದ ಮೆಕಾಲೆಯೇ ಇವನು. ಈ ಕೃತಿಯ ಯೋಚನೆ ತನಗೆ ಹೊಳೆದದ್ದು ನೀಲಗಿರಿಯ ಬುಡದ ಕಾಡಿನಲ್ಲಿ, ಹೆಚ್ಚಿನ ಪದ್ಯಗಳನ್ನು ರಚಿಸಿದ್ದು ಉದಕಮಂಡಲದಲ್ಲಿಯೂ ಬಂಗಾಳ ಕೊಲ್ಲಿಯ ಹಡಗಿನಲ್ಲಿಯೂ ಎಂದು ಅವನು ಬರೆದಿದ್ದಾನೆ. 1842ರಲ್ಲಿ ಹೊರಬಂದ ಆ ಪುಸ್ತಕದಲ್ಲಿ ಹೊರೇಷಿಯಸ್ಸನು ಈಜಿ ದಡ ಸೇರುತ್ತಾನೆ. ಇಂಥ ಕಥೆಗಳು ಕವಿಕಲ್ಪಿತವೆಂಬ ವಿಚಾರವನ್ನು ಮೆಕಾಲೆಯು ಮುನ್ನುಡಿಯಲ್ಲಿ ದೀರ್ಘವಾಗಿಯೇ ಚರ್ಚಿಸಿದ್ದಾನೆ. ಶಾಲೆಗಳಲ್ಲಿ ಕಂಠಪಾಠಕ್ಕೆ ಹೋದದ್ದು ಪದ್ಯ. ಮುನ್ನುಡಿ ಪುಸ್ತಕದಲ್ಲಿಯೇ ಉಳಿಯಿತು.