ಇಂಜೆಕ್ಟರ್ ಬದಲಾದರೆ ಕಾರು ಬದಲಾಯಿತೇ?

ಟರ್ಬೊ ಕಾರೊಂದಕ್ಕೆ ದೊಡ್ಡ ಪೆಟ್ರೋಲ್ ಪಂಪ್, ಹೆಚ್ಚು ಹರಿವಿನ ಇಂಜೆಕ್ಟರ್, ಬೇರೆ ಪ್ರೆಷರ್ ರೆಗ್ಯುಲೇಟರ್ ಹಾಕಿಸಿ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನ ಮ್ಯಾಪನ್ನೂ ತಿದ್ದಿಸಿದ ಮೇಲೆ ಉಳಿಯುವುದು ಮೊದಲಿನ ಕಾರೋ, ಬೇರೆಯದೋ? ಕಾನೂನಿಗೆ ಇಲ್ಲಿ ಹೆಚ್ಚು ಗೊಂದಲವಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ವಾಹನಗಳು ಹುಣಸೂರಿನ ಆರ್‌ಟಿಒ ಕಚೇರಿಯಲ್ಲಿ ಕೆಎ-45 ಎಂದು ನೋಂದಣಿಯಾಗುತ್ತವೆ; ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿಗೆ ತಾಳೆಯಾದರೆ ಕಾರು ಅದೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಾತ್ರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸವಿದೆ. ಗುರುತಿಸುವಾಗ ಇಡೀ ಕಾರು, ದಂಡ ಹಾಕುವಾಗ ಬಿಡಿಭಾಗದ ಲೆಕ್ಕ. ಹಳೆಯ ದಾರ್ಶನಿಕರ ಜಗಳವೂ ಇದೇ ಎರಡರ ನಡುವಿನದು.

ಇಂಧನ ವ್ಯವಸ್ಥೆಯ ಬಿಡಿಭಾಗಗಳು ಒಂದನ್ನೊಂದು ಬಿಡುವುದಿಲ್ಲ. ಎಂಜಿನ್ 6,000 ಆರ್‌ಪಿಎಂನಲ್ಲಿ ತಿರುಗುವಾಗ ಒಂದು ಪೂರ್ಣ ಚಕ್ರಕ್ಕೆ, ಅಂದರೆ ಎರಡು ಸುತ್ತಿಗೆ, ಸಿಗುವುದು 20 ಮಿಲಿಸೆಕೆಂಡ್. ಬೇಕಾದ ಪೆಟ್ರೋಲನ್ನು ಇಂಜೆಕ್ಟರ್ ಅಷ್ಟರೊಳಗೆ ಕೊಡಬೇಕು. ಇಡೀ ಹೊತ್ತು ತೆರೆದೇ ಇದ್ದರೂ ಸಾಲದಿದ್ದರೆ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಡಿಯತೊಡಗುತ್ತದೆ, ಕೊನೆಗೆ ಪಿಸ್ಟನ್ ಕರಗುತ್ತದೆ. ಇಂಜೆಕ್ಟರ್ ಬದಲಿಸದೆ ಒತ್ತಡ ಏರಿಸುವವರಿದ್ದಾರೆ. ಹರಿವು ಏರುವುದು ಒತ್ತಡದ ವರ್ಗಮೂಲದಂತೆ. 3 ಬಾರ್‌ನಿಂದ 4ಕ್ಕೆ ಹೋದರೂ ಸಿಗುವುದು ಶೇ 15ರಷ್ಟು. ಒತ್ತಡ ಏರಿದಷ್ಟೂ ಪಂಪ್ ದೂಡುವ ಪೆಟ್ರೋಲ್ ಕಡಿಮೆ, ಎಳೆಯುವ ಕರೆಂಟ್ ಹೆಚ್ಚು. ಆದ್ದರಿಂದ ಪಂಪ್ ದೊಡ್ಡದಾಗಬೇಕು, ಅದಕ್ಕೆ ದಪ್ಪ ವೈರು ಬೇಕು. ಸಿಲಿಂಡರಿನೊಳಕ್ಕೇ ಪೆಟ್ರೋಲ್ ಚಿಮ್ಮಿಸುವ ಹೊಸ ಎಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟ್ ನಡೆಸುವ ಹೈ ಪ್ರೆಷರ್ ಪಂಪ್ ಬೇರೆ ಇರುತ್ತದೆ. ಅಲ್ಲಿ ಕೈಹಾಕುವುದು ಇನ್ನೂ ಕಷ್ಟ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಬಿಡಿಭಾಗಗಳಿಗೂ ಇಡೀ ವಸ್ತುವಿಗೂ ಏನು ಸಂಬಂಧ ಎಂಬ ಪ್ರಶ್ನೆ ಇಂದಿಗೂ ಪಾಠದ ವಿಷಯ. ಟಿಬೆಟನ್ನರ ವಸತಿ ಅಲ್ಲಿ ಶುರುವಾದದ್ದು 1960ರ ದಶಕದ ಆರಂಭದಲ್ಲಿ. ಸೆರಾ ಮಠದ ಅಂಗಳದಲ್ಲಿ ಪ್ರಶ್ನೆ ಹಾಕುವ ಭಿಕ್ಷು ನಿಂತು ಚಪ್ಪಾಳೆ ತಟ್ಟುತ್ತಾನೆ, ಉತ್ತರ ಹೇಳುವವನು ಕುಳಿತಿರುತ್ತಾನೆ. ಅವರು ಓದುವ ಗ್ರಂಥಗಳಲ್ಲಿ ಏಳನೆಯ ಶತಮಾನದ ಚಂದ್ರಕೀರ್ತಿಯ ‘ಮಧ್ಯಮಕಾವತಾರ’ವೂ ಒಂದು. ರಥವನ್ನು ಏಳು ಬಗೆಯಲ್ಲಿ ಹುಡುಕಿದರೂ ಸಿಗದು ಎಂದು ಅದು ವಾದಿಸುತ್ತದೆ. ರಥವೆಂದರೆ ಅದರ ಭಾಗಗಳಲ್ಲ, ಅವುಗಳಿಂದ ಬೇರೆಯೂ ಅಲ್ಲ. ಬರೀ ರಾಶಿಯಲ್ಲ, ಆಕಾರವೂ ಅಲ್ಲ. ಆದರೂ ಭಾಗಗಳನ್ನು ಅವಲಂಬಿಸಿ ವ್ಯವಹಾರಕ್ಕೆ ‘ರಥ’ ಎನ್ನಲು ಅಡ್ಡಿಯಿಲ್ಲ. ಕಳಚಿಟ್ಟ ಪಂಪಿಗೂ ಇದು ಸರಿಹೊಂದುತ್ತದೆ. ಆಯುಧಪೂಜೆಯ ದಿನ ಗ್ಯಾರೇಜಿನಲ್ಲಿ ಸ್ಪ್ಯಾನರಿಗೂ ಕುಂಕುಮ ಸಿಗುತ್ತದೆ. ಗುಜರಿಗೆ ಎತ್ತಿಟ್ಟ ಹಳೇ ಪಂಪಿನ ನೆನಪು ಯಾರಿಗೂ ಆಗುವುದಿಲ್ಲ. ನಿನ್ನೆ ಅದೂ ಕಾರೇ ಆಗಿತ್ತು.

ಚಂದ್ರಕೀರ್ತಿಯ ಉದಾಹರಣೆ ಅಚ್ಚು, ಗಾಲಿ, ಮೂಕಿಗಳದು. ಇಸಿಯು ಮ್ಯಾಪ್ ಎಂಬುದು ಬರೀ ಅಂಕಿಗಳ ಕೋಷ್ಟಕ. ಅದನ್ನು ತಿದ್ದಿದಾಗ ಒಂದು ನಟ್ಟೂ ಬದಲಾಗುವುದಿಲ್ಲ, ಕಾರಿನ ತೂಕ ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ನಡತೆ ಮಾತ್ರ ಪೂರಾ ಬೇರೆ. ಮಾಲೀಕ ಏನನ್ನೂ ಮುಟ್ಟದೆಯೂ ಬದಲಾವಣೆ ಆಗುತ್ತದೆ. ಒಂದು ಕಿಲೊ ಶುದ್ಧ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು, ಎಥೆನಾಲಿಗೆ ಸುಮಾರು 9 ಸಾಕು. ಬಂಕಿನಲ್ಲಿ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ತುಂಬಿಸಿದರೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕಾಗುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ಗುರುತಿಸುತ್ತದೆ, ಇಸಿಯು ಇಂಜೆಕ್ಟರನ್ನು ತಾನೇ ಇನ್ನಷ್ಟು ಹೊತ್ತು ತೆರೆದಿಡುತ್ತದೆ. ಈ ‘ಮಾರ್ಪಾಡಿಗೆ’ ಯಾವ ಆರ್‌ಟಿಒ ದಂಡ ಹಾಕಬೇಕು?

ಇಂಥಲ್ಲಿ ಜೈನರ ಉತ್ತರ ಹೆಚ್ಚು ಸುಲಭವಾಗಿ ಹೊಂದುತ್ತದೆ. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಬಂಡೆಯ ಮೇಲೆ ನಿಂತ ಬಾಹುಬಲಿ ಆ ಪರಂಪರೆಯವನು. ಇರುವುದೆಲ್ಲಕ್ಕೂ ಉತ್ಪಾದ, ವ್ಯಯ, ಧ್ರೌವ್ಯ ಮೂರೂ ಒಟ್ಟಿಗೆ ಇರುತ್ತವೆ ಎಂಬುದು ಜೈನ ತತ್ತ್ವ: ಪರ್ಯಾಯಗಳು, ಅಂದರೆ ಅವಸ್ಥೆಗಳು, ಹುಟ್ಟಿ ಅಳಿಯುತ್ತವೆ, ದ್ರವ್ಯ ನಿಲ್ಲುತ್ತದೆ. ಮ್ಯಾಪ್ ತಿದ್ದಿದ್ದು ಪರ್ಯಾಯ ಎಂದರೆ ಮುಗಿಯಿತು. ಆದರೆ ಕಾರಿನಲ್ಲಿ ನಿಲ್ಲುವ ದ್ರವ್ಯ ಯಾವುದು ಎಂದು ಕೇಳಿದರೆ, ಕಬ್ಬಿಣ, ರಬ್ಬರು, ಪ್ಲಾಸ್ಟಿಕ್ಕಿನ ಪುದ್ಗಲ, ಅಂದರೆ ಜಡವಸ್ತು, ಎನ್ನಬೇಕಾಗುತ್ತದೆ. ಅದು ಗುಜರಿಯಲ್ಲೂ ಅಷ್ಟೇ ಧ್ರುವ.

ಕಾರು ಓಡಿಸುವವರ ಅನುಭವಕ್ಕೆ ಹತ್ತಿರದ ಮಾತು ರಾಮಾನುಜರದು. ಹಿಂದೆ ಕೆ.ಆರ್. ನಗರ ತಾಲ್ಲೂಕಿಗೆ ಸೇರಿದ್ದ ಸಾಲಿಗ್ರಾಮದಲ್ಲಿ ಅವರು ಕೆಲಕಾಲ ತಂಗಿದ್ದರೆಂದು, ಶಿಷ್ಯ ವಡುಗನಂಬಿ ಅಲ್ಲಿಯವನೇ ಎಂದು ಸಂಪ್ರದಾಯ ಹೇಳುತ್ತದೆ. ಚೇತನವೊಂದು ತನ್ನ ಪ್ರಯೋಜನಕ್ಕಾಗಿ ಪೂರ್ತಿ ನಿಯಮಿಸಬಲ್ಲ, ಧರಿಸಬಲ್ಲ, ಅದಕ್ಕೆ ಅಧೀನವಾಗಿಯೇ ಇರುವ ದ್ರವ್ಯವೇ ಶರೀರ ಎಂಬುದು ‘ಶ್ರೀಭಾಷ್ಯ’ದ ಲಕ್ಷಣ. ಬಿಡಿಭಾಗ ಯಾವುದೆಂದು ಇದು ಕೇಳುವುದಿಲ್ಲ. ಯಾರು ಆಳುತ್ತಾರೆ, ಯಾವುದಕ್ಕಾಗಿ ಎಂದು ಕೇಳುತ್ತದೆ. ಪಂಪ್ ದೊಡ್ಡದಾಗಿ ರೆಗ್ಯುಲೇಟರ್ ಹಳೆಯದೇ ಉಳಿದ ಕಾರು ನಿಯಮನ ತಪ್ಪಿದ್ದು, ಹೊಸ ಸಾಮಾನು ಎಷ್ಟೇ ಬೆಲೆಯದ್ದಾಗಲಿ. ಪ್ರಯೋಜನದ ಲೆಕ್ಕಕ್ಕೆ ಎಚ್.ಡಿ. ಕೋಟೆಯಾಚೆ ಮಾನಂದವಾಡಿಗೆ ಹೋಗುವ ಕಾಡಿನ ರಸ್ತೆ ಸಾಕು: ರಾತ್ರಿ ಸಂಚಾರವಿಲ್ಲ, ಹಗಲು ಹಂಪುಗಳು. ಅಲ್ಲಿ ಹೆಚ್ಚುವರಿ ಹರಿವು ರಿಟರ್ನ್ ಲೈನಿನಲ್ಲಿ ಟ್ಯಾಂಕಿಗೇ ಮರಳುತ್ತಿರುತ್ತದೆ.

ಈ ಲಕ್ಷಣವನ್ನೂ ಕಾರಿಗೆ ಪೂರ್ತಿ ಹೊಂದಿಸಲಾಗದು. ರಾಮಾನುಜರಲ್ಲಿ ಶರೀರ ಶರೀರಿಯಿಂದ ಅಪೃಥಕ್‌ಸಿದ್ಧ, ಬೇರ್ಪಟ್ಟು ಇರಲಾರದ್ದು. ಚಾಲಕನೋ ಕೀ ತೆಗೆದು ಇಳಿದು ಹೋಗುತ್ತಾನೆ. ಎಂಜಿನ್ ಬಡಿತ ಕೇಳಿದೊಡನೆ ಇಸಿಯು ತಾನಾಗಿಯೇ ಬೂಸ್ಟ್ ಇಳಿಸುವಾಗ, ಕಾಲು ಪೂರ್ತಿ ಒತ್ತಿದ್ದರೂ ಆಳುತ್ತಿರುವವನು ಚಾಲಕನಲ್ಲ. ಆಳುತ್ತಿರುವ ಇಸಿಯು ಚೇತನವಲ್ಲವಾದ್ದರಿಂದ ಅದನ್ನು ಶರೀರಿ ಎನ್ನಲೂ ಈ ಮತದಲ್ಲಿ ಎಡೆಯಿಲ್ಲ.