ಕುಂಬಿ ಇಲ್ಲದ ಮಾಳಿಗೆ

ಧರ್ಮ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಮ್ಮ ಬೆರಳು ತಾನಾಗಿಯೇ ಮಸೀದಿಯತ್ತ ಹೋಗುತ್ತದೆ. ಮನೆಯ ಮಾಳಿಗೆಯತ್ತ, ಅಂಗಡಿಯ ತಕ್ಕಡಿಯತ್ತ, ಕಣದಲ್ಲಿ ತುಳಿಯುವ ಎತ್ತಿನ ಬಾಯಿಯತ್ತ ಹೋಗುವುದಿಲ್ಲ. ನನ್ನ ಬೆರಳೂ ಹೋಗಿರಲಿಲ್ಲ. ಅದು ಹೋಗುವಂತಾದದ್ದು ಒಂದು ಮಗುವಿನ ಕೈ ಮುರಿದ ಮೇಲೆ.

ನಮ್ಮ ತಳಕಲ್ಲಿನಲ್ಲಿ ಹಳೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಬೇಸಿಗೆಯ ರಾತ್ರಿ ಹಾಸಿಗೆ ಮೇಲೆಯೇ. ಮೆಣಸಿನಕಾಯಿ, ಹಪ್ಪಳ, ಸಂಡಿಗೆ ಒಣಗುವುದೂ ಮೇಲೆಯೇ. ಕೆಲವು ವರ್ಷಗಳ ಹಿಂದೆ ನಾನು ಮನೆಯ ಒಂದು ಭಾಗವನ್ನು ಕೆಡವಿ ಕಟ್ಟಿಸಿದೆ. ಗೋಡೆ ಎದ್ದಿತು, ಮೇಲೆ ಸಿಮೆಂಟು ಬಿತ್ತು, ಅಷ್ಟರಲ್ಲಿ ಹಣ ಮುಗಿಯಿತು. ಕುಂಬಿ ಉಳಿಯಿತು. ಗೌಂಡಿ, "ಕುಂಬಿ ಕಟ್ಟಿಬಿಡೋಣ್ರಿ ಹಜರತ್, ಎರಡ ದಿನದ ಕೆಲಸ" ಎಂದ. "ಮುಂದಿನ ವರ್ಷ ನೋಡೋಣ" ಎಂದೆ. ಆದರೆ ಅದೇ ತಿಂಗಳು ಮುಂದಿನ ಬಾಗಿಲಿಗೆ ಬಣ್ಣ ಹೊಡೆಸಲು ನನ್ನ ಬಳಿ ಹಣವಿತ್ತು.

ಬಾಗಿಲಿನ ಬಣ್ಣ ಮಾಸುವ ಮೊದಲೇ ಪಕ್ಕದ ಮನೆಯ ಹುಡುಗ ಗಾಳಿಪಟದ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಅಲ್ಲಿಂದ ಬಿದ್ದ. ಅಲ್ಲಾಹನ ಕೃಪೆ, ಜೀವ ಉಳಿಯಿತು. ಮೊಣಕೈ ಮುರಿಯಿತು. ಹುಡುಗನ ತಂದೆ ನನ್ನ ಮೇಲೆ ಸಿಟ್ಟಾಗಲಿಲ್ಲ. "ನಿಮ್ದೇನ್ ತಪ್ಪೈತ್ರಿ ಹಜರತ್? ಅವನ ಹೇಳದ ಕೇಳದ ಹತ್ತ್ಯಾನ" ಎಂದರು. ಊರ ಹಿರಿಯರೂ ಹಾಗೆಯೇ ಹೇಳಿದರು. ಆ ರಾತ್ರಿ ನನಗೆ ಸಮಾಧಾನವಾಯಿತು. ಇಂದು ನಾಚಿಕೆಯಾಗುವುದು ಆ ಸಮಾಧಾನಕ್ಕೇ.

ಕೆಲವು ದಿನಗಳ ನಂತರ ಕನ್ನಡ ಬೈಬಲಿನಲ್ಲಿ ಧರ್ಮೋಪದೇಶಕಾಂಡವನ್ನು ಓದುತ್ತಿದ್ದೆ. ಯಹೂದಿಯರು ಮೂಸಾ(ಅ)ರ ತೌರಾತ್ ಎಂದು ಇಂದು ಓದುವ ಐದು ಪುಸ್ತಕಗಳಲ್ಲಿ ಅದು ಕೊನೆಯದು. ಅದರ 22ನೇ ಅಧ್ಯಾಯದಲ್ಲಿ ಒಂದು ಆಜ್ಞೆ ಇದೆ: ಹೊಸ ಮನೆ ಕಟ್ಟಿದವನು ಮಾಳಿಗೆಗೆ ಕುಂಬಿ ಕಟ್ಟಬೇಕು. ಕಟ್ಟದೆ ಯಾರಾದರೂ ಬಿದ್ದರೆ ಆ ರಕ್ತದ ಹೊಣೆ ಆ ಮನೆಯ ಮೇಲೆ. ನಾನು ಪುಸ್ತಕ ಮುಚ್ಚಿದೆ.

ಯಹೂದಿ ಧರ್ಮಪಂಡಿತರು ಈ ಆಜ್ಞೆಯನ್ನು ಉಪದೇಶವೆಂದು ಬಿಟ್ಟುಬಿಡಲಿಲ್ಲ. ಎತ್ತರ ಎಷ್ಟಿರಬೇಕು ಎಂದು ಅಳೆದರು: ಹತ್ತು ಹಿಡಿ, ಅಂದರೆ ಸುಮಾರು ಎರಡೂವರೆಯಿಂದ ಮೂರು ಅಡಿ. ಅಂದಲುಸಿನಲ್ಲಿ ಹುಟ್ಟಿ ಈಜಿಪ್ಟಿನ ಫುಸ್ತಾತಿನಲ್ಲಿ ಬಾಳಿದ ಮೂಸಾ ಬಿನ್ ಮೈಮೂನ್ (ಮರಣ 1204) ತಮ್ಮ ಧರ್ಮಸಂಹಿತೆಯಲ್ಲಿ ಇದನ್ನು ಮನೆ ಕಟ್ಟುವ ಅಧ್ಯಾಯದಲ್ಲಿ ಇಡಲಿಲ್ಲ, ಕೊಲೆ ಮತ್ತು ಜೀವರಕ್ಷಣೆಯ ಅಧ್ಯಾಯದಲ್ಲಿ ಇಟ್ಟರು. ಅಂಗಳದ ತೆರೆದ ಬಾವಿಗೂ ಇದೇ ನಿಯಮವನ್ನು ಅನ್ವಯಿಸಿದರು. ನಾನು ಮರೆವು ಎಂದು ಕರೆದದ್ದನ್ನು ಅವರು ಎಲ್ಲಿಟ್ಟಿದ್ದಾರೆ ನೋಡಿ.

ಹೊಡೆತ ಇಲ್ಲಿಗೆ ಮುಗಿಯಲಿಲ್ಲ. ತಡೆಗೋಡೆ ಇಲ್ಲದ ಮಾಳಿಗೆಯ ಮೇಲೆ ಮಲಗುವವನಿಂದ ರಕ್ಷಣೆಯ ಹೊಣೆ ಎತ್ತಿಹೋಗುತ್ತದೆ ಎಂಬರ್ಥದ ಪ್ರವಾದಿ(ಸ)ವಚನ ಅಬೂದಾವೂದ್ ಸಂಗ್ರಹದಲ್ಲಿದೆ. ಅದನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಕಲಿಸಿದ್ದೇನೆ, ಮಲಗುವ ಶಿಷ್ಟಾಚಾರ ಎಂಬ ಪಾಠದಲ್ಲಿ! ಬಾಯಿಪಾಠ ಒಪ್ಪಿಸದವರಿಗೆ ಶಿಕ್ಷೆಯನ್ನೂ ಕೊಟ್ಟಿದ್ದೇನೆ. ಇತರರಿಗೆ ಹಾನಿ ಮಾಡಬಾರದು ಎಂಬ ಹದೀಸನ್ನು ಫಿಕ್‌ಹ್‌ನ ಮೂಲಸೂತ್ರವೆಂದು ವಿವರಿಸಿದ್ದೇನೆ. ತೌರಾತನ್ನು ಹೊರಿಸಿಕೊಂಡೂ ಅದನ್ನು ಹೊರದವರನ್ನು ಪವಿತ್ರ ಕುರ್‌ಆನ್ ಗ್ರಂಥಗಳನ್ನು ಹೊತ್ತ ಕತ್ತೆಗೆ ಹೋಲಿಸಿದೆ (62:5). ಆ ವಚನವನ್ನು ನಾವು ಯಾವಾಗಲೂ ಇನ್ನೊಬ್ಬರತ್ತ ಬೆರಳು ತೋರಿಸಿ ಓದುತ್ತೇವೆ. ಆ ದಿನ ನನಗೆ ಆ ಕತ್ತೆಯ ಗೊರಸಿನ ಸದ್ದು ನನ್ನ ಅಂಗಳದಲ್ಲೇ ಕೇಳಿಸಿತು.

ಇಲ್ಲಿ ಕೆಲವರು ಹುಬ್ಬೇರಿಸಬಹುದು. ಫೆಲೆಸ್ತೀನಿನ ಸುದ್ದಿಗಳಿಂದ ಮನಸ್ಸು ನೊಂದಿರುವಾಗ ಯಹೂದಿಯರ ನಿಯಮಗಳ ಮಾತೇಕೆ ಎಂದು ಕೇಳಬಹುದು. ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ದೂಡದಿರಲಿ ಎಂದು ಕುರ್‌ಆನ್ ಆದೇಶಿಸುತ್ತದೆ (5:8). ತೌರಾತಿನಲ್ಲಿ ಮಾರ್ಗದರ್ಶನವೂ ಪ್ರಕಾಶವೂ ಇತ್ತೆಂದು ಅದೇ ಅಧ್ಯಾಯ ಹೇಳುತ್ತದೆ (5:44). ಒಂದು ಸರಕಾರದ ಕೃತ್ಯಕ್ಕಾಗಿ ಒಂದು ಸಮುದಾಯದ ಸಾವಿರಾರು ವರ್ಷಗಳ ಧರ್ಮಜೀವನವನ್ನೇ ತಳ್ಳಿಹಾಕುವುದು ನ್ಯಾಯವಲ್ಲ.

ಆ ಧರ್ಮಜೀವನ ನಮ್ಮ ಕನ್ನಡ ನಾಡಿಗೂ ಬಂದಿತ್ತು. ಉತ್ತರ ಆಫ್ರಿಕದ ಮಹ್ದಿಯಾ ಪಟ್ಟಣದ ಅಬ್ರಹಾಮ್ ಬೆನ್ ಯಿಜು ಎಂಬ ಯಹೂದಿ ವರ್ತಕ ಹನ್ನೆರಡನೆಯ ಶತಮಾನದಲ್ಲಿ ಸುಮಾರು ಹದಿನೇಳು ವರ್ಷ ಈ ಕರಾವಳಿಯಲ್ಲಿ, ಬಹುಪಾಲು ಮಂಗಳೂರಿನಲ್ಲಿ ಬಾಳಿದ. ಮೆಣಸು, ಅಡಿಕೆ, ಕಬ್ಬಿಣ ಅವನ ವ್ಯಾಪಾರ. ಕಂಚಿನ ಪಾತ್ರೆಗಳ ಕಾರ್ಖಾನೆಯೂ ಇತ್ತು. ಬೊಮ್ಮ ಎಂಬ ಈ ನಾಡಿನ ಸೇವಕ ಅವನ ಪರವಾಗಿ ಏಡನ್‌ವರೆಗೆ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದ. ಮುಸ್ಲಿಮರೊಂದಿಗೂ ಹಿಂದೂಗಳೊಂದಿಗೂ ಬೆನ್ ಯಿಜುವಿನ ಲೆಕ್ಕ-ಪತ್ರ ನಡೆಯುತ್ತಿತ್ತು.

1132ರ ಅಕ್ಟೋಬರ್ 17ರಂದು ಅವನು ಮಂಗಳೂರಿನಲ್ಲಿ ಒಂದು ಪತ್ರ ಬರೆದುಕೊಟ್ಟ. ಆಶು ಎಂಬ ದಾಸಿಯನ್ನು ಯಹೂದಿ ಧರ್ಮವಿಧಿಯಂತೆ ಬಿಡುಗಡೆ ಮಾಡಿದ ಪತ್ರ ಅದು. ಅವಳ ಮೇಲೆ ಇನ್ನು ತನಗಾಗಲಿ ತನ್ನ ವಾರಸುದಾರರಿಗಾಗಲಿ ಹಕ್ಕಿಲ್ಲ ಎಂದು ಬರೆದುಕೊಡುವುದು ಅದರ ವಿಧಿ. ಆಕೆ ಅವನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರು ಭಾವಿಸುತ್ತಾರೆ. ತನ್ನ ಧರ್ಮನ್ಯಾಯಾಲಯಗಳಿಂದ ಕಡಲಾಚೆ, ಕೇಳುವವರು ಹೆಚ್ಚಿಲ್ಲದ ಊರಿನಲ್ಲಿ, ಒಬ್ಬ ಹೆಣ್ಣಿನ ಸ್ವಾತಂತ್ರ್ಯವನ್ನು ಅವನು ಬಾಯಿಮಾತಿಗೆ ಬಿಡಲಿಲ್ಲ. ಕಾಗದದಲ್ಲಿ ಕಟ್ಟಿದ ಕುಂಬಿ ಅದು. ನಮ್ಮಲ್ಲಿ ಮಹ್ರ್ ಎಷ್ಟು, ಕೊಟ್ಟದ್ದೆಷ್ಟು, ಅಕ್ಕತಂಗಿಯರ ಪಾಲು ಎಷ್ಟು ಎಂಬುದನ್ನು ಎಷ್ಟು ಮನೆಗಳು ಬರೆದಿಡುತ್ತವೆ?

ಆ ಕಾಲದ ವ್ಯವಹಾರ ನಮಗೆ ತಿಳಿದದ್ದೂ ಒಂದು ಧಾರ್ಮಿಕ ನಿಯಮದಿಂದಲೇ. ದೇವರ ಹೆಸರಿರುವ ಬರಹವನ್ನು ಕಸಕ್ಕೆ ಹಾಕಬಾರದೆಂದು ಫುಸ್ತಾತಿನ ಯಹೂದಿಯರು ಹಳೆಯ ಕಾಗದಗಳನ್ನೆಲ್ಲ ತಮ್ಮ ಪ್ರಾರ್ಥನಾಲಯದ ಒಂದು ಕೋಣೆಯಲ್ಲಿ ತುಂಬಿಡುತ್ತಿದ್ದರು. ನಾವೂ ಹರಿದ ಮುಸ್‌ಹಫ್‌ನ ಹಾಳೆಗಳನ್ನು ಬಿಸಾಡುವುದಿಲ್ಲವಲ್ಲ, ಹಾಗೆ. 1896-97ರಲ್ಲಿ ಆ ರಾಶಿಯ ದೊಡ್ಡ ಭಾಗ ಕೇಂಬ್ರಿಜ್ ಸೇರಿತು. ಕಾಗದದ ಮೇಲಿನ ಸಣ್ಣ ಗೌರವ ಎಂಟುನೂರು ವರ್ಷಗಳ ನಂತರ ಸಾಕ್ಷಿ ನುಡಿಯಿತು.

ಇಷ್ಟು ಸಣ್ಣ ಸಂಗತಿಗೂ ನಿಯಮ ಬೇಕೇ, ಮನಸ್ಸು ಶುದ್ಧವಾಗಿದ್ದರೆ ಸಾಲದೇ ಎಂದು ಅನೇಕರು ಕೇಳುತ್ತಾರೆ. ಯಹೂದಿಯರ ಮಿಶ್ನಾ ಗ್ರಂಥದಂತೆ ಅಂಗಡಿಯವನು ಅಳತೆಯ ಪಾತ್ರೆಗಳನ್ನು ವಾರಕ್ಕೆರಡು ಸಲ, ತೂಕದ ಕಲ್ಲುಗಳನ್ನು ವಾರಕ್ಕೊಮ್ಮೆ, ತಕ್ಕಡಿಯನ್ನು ಪ್ರತಿ ಸಲ ತೂಗಿದ ಮೇಲೆ ಒರೆಸಬೇಕು. ಕೊಳ್ಳುವ ಮನಸ್ಸಿಲ್ಲದವನು ಬೆಲೆ ಕೇಳಿ ಮಾರುವವನಿಗೆ ಆಸೆ ಹುಟ್ಟಿಸಬಾರದು. ತೂಗುವಾಗ ತಟ್ಟೆ ಕೊಳ್ಳುವವನ ಕಡೆಗೆ ಸ್ವಲ್ಪ ಬಾಗಬೇಕು. ನಮ್ಮ ಪ್ರವಾದಿ(ಸ) ಕೂಡ ತೂಗುವವನಿಗೆ ತೂಗು, ಸ್ವಲ್ಪ ಹೆಚ್ಚೇ ಹಾಕು ಎಂದವರು. ತಕ್ಕಡಿಗೆ ಅಂಟಿದ ಬೆಲ್ಲದಲ್ಲಿ ದುರುದ್ದೇಶವಿಲ್ಲ. ಆದರೂ ನಷ್ಟ ಕೊಳ್ಳುವವನದೇ. ನನ್ನ ಮಾಳಿಗೆಯಲ್ಲೂ ದುರುದ್ದೇಶವಿರಲಿಲ್ಲ. ಆದರೂ ಮುರಿದದ್ದು ಮಗುವಿನ ಕೈ. ಕೆಟ್ಟ ಮನಸ್ಸಿಲ್ಲ ಎಂಬುದು ತಪ್ಪಿಲ್ಲ ಎಂಬುದಕ್ಕೆ ಸಮವಲ್ಲ. ಶುದ್ಧ ಮನಸ್ಸಿಗೆ ಕಾಣದ ಜಾಗಗಳಿರುತ್ತವೆ. ನಿಯಮ ಇರುವುದು ಆ ಜಾಗಗಳಿಗಾಗಿ.

ಹಾಗಾದರೆ ನಿಯಮವೇ ಸಾಕೇ? ಅದೂ ಸಾಲದು. ಈ ಮಾತಿಗೂ ಯಹೂದಿಯರ ತಲ್ಮೂದ್‌ನಲ್ಲೇ ಒಂದು ಪ್ರಸಂಗವಿದೆ. ಒಬ್ಬ ಪಂಡಿತನ ಮದ್ಯದ ಪೀಪಾಯಿಯನ್ನು ಹಮಾಲರು ಒಡೆದರು. ಅವನು ನಷ್ಟಕ್ಕೆಂದು ಅವರ ಮೇಲುಡುಪು ಕಿತ್ತುಕೊಂಡ. ನ್ಯಾಯಾಧಿಪತಿ ರವ್, ಬಟ್ಟೆ ಹಿಂತಿರುಗಿಸು ಎಂದರು. ಇದು ಕಾನೂನೇ ಎಂದು ಅವನು ಕೇಳಿದ. ಹೌದು ಎಂದರು. ಹಮಾಲರು, ನಾವು ಬಡವರು, ದಿನವೆಲ್ಲ ದುಡಿದು ಹಸಿದಿದ್ದೇವೆ ಎಂದರು. ಅವರ ಕೂಲಿಯನ್ನೂ ಕೊಡು ಎಂದರು ರವ್. ಇದೂ ಕಾನೂನೇ? ಹೌದು, ಸಜ್ಜನರು ನಡೆಯುವ ದಾರಿ ಇದೇ ಎಂಬುದು ಅವರ ಉತ್ತರ. ನಾವು ಅದ್ಲ್ ಮತ್ತು ಇಹ್ಸಾನ್ ಎಂದು ಎರಡು ಪದ ಬಳಸುತ್ತೇವೆ. ಅಲ್ಲಾಹನು ಎರಡನ್ನೂ ಒಂದೇ ಉಸಿರಿನಲ್ಲಿ ಆದೇಶಿಸಿದ್ದಾನೆ (16:90). ಮೊದಲನೆಯದು ನೆಲಗಟ್ಟು, ಎರಡನೆಯದು ಸೂರು. ನೆಲಗಟ್ಟಿಲ್ಲದೆ ಸೂರು ನಿಲ್ಲದು, ಸೂರಿಲ್ಲದ ನೆಲಗಟ್ಟಿನ ಮೇಲೆ ಯಾರೂ ಬಾಳಲಾರರು.

ನಾನು ಪಕ್ಕದ ಮನೆಗೆ ಹೋದೆ. "ಅಣ್ಣಾ, ತಪ್ಪು ನಂದೇ" ಎಂದೆ. ಆಸ್ಪತ್ರೆಯ ಖರ್ಚನ್ನು ಅವರು ಮೊದಲು ಒಪ್ಪಲಿಲ್ಲ. "ಇದು ದಾನ ಅಲ್ಲ, ಸಾಲ ತೀರಿಸಾಕ ಬಂದೀನಿ" ಎಂದ ಮೇಲೆ ತೆಗೆದುಕೊಂಡರು. ಮರುವಾರ ಗೌಂಡಿ ಬಂದ. ಅವನು ಹೇಳಿದಂತೆ ಎರಡೇ ದಿನದ ಕೆಲಸ. ಹುಡುಗನ ಮೊಣಕೈ ಮಾತ್ರ ಇಂದಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಅವನು ನಮಾಝ್‌ಗೆ ನನ್ನ ಪಕ್ಕದಲ್ಲಿ ನಿಂತು ಕೈ ಎತ್ತುವಾಗ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಪ್ರಿಯ ಓದುಗರೇ, ಇಂದು ಅಸ್ರ್ ನಮಾಝ್ ಮುಗಿಸಿ ಮನೆಗೆ ಹೋದಾಗ ಒಮ್ಮೆ ಮಾಳಿಗೆ ಹತ್ತಿ ನೋಡಿ. ಅಂಗಳದ ಬಾವಿ, ಜೋತುಬಿದ್ದ ಕರೆಂಟಿನ ತಂತಿ, ಅಂಗಡಿಯ ತಕ್ಕಡಿ, ಕೂಲಿಯಾಳಿಗೆ ಕೊಡಬೇಕಾದ ಬಾಕಿ ಎಲ್ಲವನ್ನೂ ನೋಡಿ. ನಮ್ಮ ನಮಾಝ್ ಎಷ್ಟು ದೂರ ತಲುಪಿದೆಯೆಂದು ಅಲ್ಲಿ ತಿಳಿಯುತ್ತದೆ. ಹೊತ್ತ ಗ್ರಂಥದ ಭಾರವನ್ನು ಬಾಳಿನ ಬೆಳಕಾಗಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.