ಅಡಾಪ್ಟರ್ ಹಾಕೋ ಮುಂಚೆ

ಸಿರುಗುಪ್ಪದ ಕಡೆ ಗದ್ದೆಗೆ ನೀರು ಹಾಯಿಸೋರ ಮನೆಯಲ್ಲಿ ಒಂದು ಹಳೇ ಗೋಣಿಚೀಲ ಇದ್ದೇ ಇರುತ್ತೆ. ಅದರೊಳಗೆ ರೆಡ್ಯೂಸರ್, ಕಾಲರ್, ನಿಪ್ಪಲ್, ತುಕ್ಕು ಹಿಡಿದ ಕ್ಲಾಂಪು. ಪೈಪು ಪೈಪಿಗೆ ಕೂರದಿದ್ದರೆ ಚೀಲಕ್ಕೆ ಕೈ ಹಾಕೋದು, ಆಗಲೂ ಕೂರದಿದ್ದರೆ ಸೈಕಲ್ ಟ್ಯೂಬ್ ಸುತ್ತೋದು. ಅಲ್ಲಿ ಬೆಳೆದವನಿಗೆ "ಇದು ಅದಕ್ಕೆ ಹೊಂದೋದಿಲ್ಲ" ಅನ್ನೋ ಮಾತೇ ಸೋಮಾರಿಗಳ ನೆಪ ಅನ್ನಿಸುತ್ತೆ. ಬಿ.ಇ. ಮುಗಿಸಿ ಸಾಫ್ಟ್‌ವೇರಿಗೆ ಬಂದರೆ ಇಲ್ಲೂ ಅದೇ ಕೆಲಸ. ಒಬ್ಬರ ಸಿಸ್ಟಮ್ಮಿನ ಮಾತು ಇನ್ನೊಬ್ಬರ ಸಿಸ್ಟಮ್ಮಿಗೆ ತಿಳಿಯೋ ಹಾಗೆ ನಡುವೆ ಒಂದು ತುಂಡು ಕೋಡ್ ಬರೆಯೋದು. ಅದರ ಹೆಸರೂ ಅಡಾಪ್ಟರ್ರೇ.

ಹಾಗಾಗಿ ಜರ್ಮನಿಯಲ್ಲಿರೋ ಕುರುಗೋಡಿನ ಗೆಳೆಯ ಫೋನ್ ಮಾಡಿ, "ಲೇ, ಸ್ಕೂಬಾ ರೆಗ್ಯುಲೇಟರಿಗೆ ಅಡಾಪ್ಟರ್ ತಗೋಬೇಕು, ಯಾವುದು ತಗೊಳ್ಳಲಿ ಹೇಳು" ಅಂದಾಗ ನನಗೆ ಆಶ್ಚರ್ಯ ಆಗಲಿಲ್ಲ. ಅಲ್ಲಿನ ಕೆರೆಗಳಲ್ಲಿ ಡೈವಿಂಗ್ ಕಲಿತಿದ್ದಾನೆ. ಊರಿಗೆ ಬಂದಾಗ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗೋ ಆಸೆ.

ವಿಷಯ ಇಷ್ಟು. ಗ್ಯಾಸ್ ಸಿಲಿಂಡರಿಗೆ ರೆಗ್ಯುಲೇಟರ್ ಇದ್ದ ಹಾಗೆ ಡೈವರ್ ಬೆನ್ನಿನ ಸಿಲಿಂಡರಿಗೂ ಒಂದಿರುತ್ತೆ. ಸುಮಾರು 200 ಬಾರ್ ಒತ್ತಡದ ಗಾಳಿಯನ್ನು ಉಸಿರಾಡೋ ಮಟ್ಟಕ್ಕೆ ಇಳಿಸೋದು ಅದರ ಕೆಲಸ. ಇದನ್ನು ವಾಲ್ವಿಗೆ ಜೋಡಿಸೋ ರೀತಿ ಮುಖ್ಯವಾಗಿ ಎರಡು. ಒಂದು ಯೋಕ್: ನೊಗದ ಹಾಗೆ ವಾಲ್ವನ್ನು ಸುತ್ತುವರಿದು ಹಿಂದಿನಿಂದ ಸ್ಕ್ರೂ ಬಿಗಿಯೋದು. ಇನ್ನೊಂದು ಡಿನ್: ರೆಗ್ಯುಲೇಟರನ್ನೇ ವಾಲ್ವಿನೊಳಕ್ಕೆ ತಿರುಗಿಸೋದು. ಗೆಳೆಯನದು ಡಿನ್. ಪ್ರವಾಸಿಗಳು ಹೋಗೋ ಬೆಚ್ಚನೆ ಕಡಲುಗಳಲ್ಲಿ ಸಿಗೋದು ಹೆಚ್ಚಾಗಿ ಯೋಕ್. ಇದು ಬರೀ ಚರಿತ್ರೆಯ ಜಗಳ. ಅದಕ್ಕೆ ಡಿನ್ ರೆಗ್ಯುಲೇಟರಿನ ಮೂತಿಗೆ ಹಾಕೋ ಯೋಕ್ ಅಡಾಪ್ಟರ್ ಇದೆ. ಒಂದು ರಬ್ಬರ್ ರಿಂಗು ಹೆಚ್ಚಾಗುತ್ತೆ, ಹಿತ್ತಾಳೆ ಸ್ವಲ್ಪ ಹಿಂದೆ ಚಾಚಿ ತಲೆಗೆ ತಾಗಬಹುದು, 232 ಬಾರಿನ ಮಿತಿ ಮರೀಬಾರದು. ಅಷ್ಟೇ. ತಗೋ ಅಂದೆ.

ಆದ್ರೆ ಎಲ್ಲಾ ಹೊಂದದಿರುವಿಕೆಯೂ ಇಂಥದ್ದಲ್ಲ ನೋಡ್ರಿ. ಡಿನ್ನಿನಲ್ಲೇ 232 ಬಾರಿಗೆ ಐದು ಥ್ರೆಡ್, 300 ಬಾರಿಗೆ ಏಳು. 232ರ ರೆಗ್ಯುಲೇಟರನ್ನು 300ರ ವಾಲ್ವಿಗೆ ಎಷ್ಟೇ ತಿರುಗಿಸಿದರೂ ತಳ ಮುಟ್ಟೋದಿಲ್ಲ, ಗಾಳಿ ಸೋರಿಬಿಡುತ್ತೆ. ಬೇಕಂತಲೇ ಹಾಗೆ ಮಾಡಿದ್ದು. ತಡೆಯಲಾರದ ಒತ್ತಡದ ಮುಂದೆ ಯಾರೂ ಆ ಸಾಮಾನನ್ನು ಇಡಬಾರದು ಅಂತ. 300 ರೆಗ್ಯುಲೇಟರ್ ಮಾತ್ರ ಎರಡಕ್ಕೂ ಕೂರುತ್ತೆ.

ಗೆಳೆಯನ ಪಟ್ಟಿಯಲ್ಲಿ ಎರಡನೇ ಅಡಾಪ್ಟರ್ ಇತ್ತು, ಎಂ26. ಯುರೋಪಿನಲ್ಲಿ ಮಾಮೂಲಿ ಗಾಳಿಗಿಂತ ಹೆಚ್ಚು ಆಕ್ಸಿಜನ್ ಇರೋ ಮಿಶ್ರಣಕ್ಕೆ, ಅಂದ್ರೆ ನೈಟ್ರಾಕ್ಸಿಗೆ, ಬೇರೆಯೇ ಥ್ರೆಡ್ ಗೊತ್ತುಮಾಡಿದ್ದಾರೆ. ಒತ್ತಡದಲ್ಲಿ ಹೆಚ್ಚು ಆಕ್ಸಿಜನ್ನು ಎಣ್ಣೆ ಜಿಡ್ಡಿಗೆ ತಾಗಿದರೆ ಹೊತ್ತಿಕೊಳ್ಳಬಹುದು. ಇನ್ನೊಂದು, ಆಳದಲ್ಲಿ ಆಕ್ಸಿಜನ್ನೇ ವಿಷ. ಶೇ. 32ರ ಮಿಶ್ರಣ ಹಿಡಿದು ಸುಮಾರು 33 ಮೀಟರಿಗಿಂತ ಕೆಳಗೆ ಇಳಿಯಬಾರದು ಅನ್ನೋದು ಸಾಮಾನ್ಯ ಲೆಕ್ಕ. ಮೀರಿದರೆ ನೀರೊಳಗೇ ಫಿಟ್ಸ್ ಬರಬಹುದು. ಈ ಥ್ರೆಡ್ ಕೂರದೇ ಇರೋದೇ ಅದರ ಮಾತು: "ನಿಲ್ಲು, ಇದು ಮಾಮೂಲಿ ಗಾಳಿ ಅಲ್ಲ." ಆ ಬಾಯಿ ಮುಚ್ಚಿಸೋ ಅಡಾಪ್ಟರೂ ಅಂಗಡಿಯಲ್ಲಿ ಸಿಗುತ್ತೆ. ನೋಡೋಕೆ ಮೊದಲನೇದರ ಹಾಗೇ ಹಿತ್ತಾಳೆ ತುಂಡು.

ಹಂಗಂತ ಅದು ಪಾಪದ ವಸ್ತುವೇ? ಇಲ್ಲಿ ನಾನು ತಕ್ಷಣ ಹೌದು ಅನ್ನಲಾರೆ. 2021ರ ಎರಡನೇ ಅಲೆಯಲ್ಲಿ ಆಕ್ಸಿಜನ್ ಸಿಲಿಂಡರ್ ಸಾಲದೆ ಬಂದಾಗ, ಆರ್ಗಾನ್ ಮತ್ತು ನೈಟ್ರೋಜನ್ ಸಿಲಿಂಡರುಗಳನ್ನು ಆಕ್ಸಿಜನ್ನಿಗೆ ಬದಲಾಯಿಸಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ನಮ್ಮ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯ ಆಕ್ಸಿಜನ್ನು ಆಸ್ಪತ್ರೆಗಳಿಗೆ ಹೋಯಿತು. ಗೋಡೆ ದಾಟಿದ್ದಕ್ಕೆ ಜನ ಬದುಕಿದರು. ಆದರೆ ಸಿಲಿಂಡರನ್ನು ಬದಲಾಯಿಸೋದು ಅಂದ್ರೆ ನಡುವೆ ಒಂದು ಹಿತ್ತಾಳೆ ತುಂಡು ತುರುಕೋದಲ್ಲ. ಒಳಗಿದ್ದ ಗ್ಯಾಸ್ ಪೂರ್ತಿ ತೆಗೆದು, ಶುದ್ಧಮಾಡಿ, ವಾಲ್ವ್ ಬದಲಿಸಿ, ಬಣ್ಣವನ್ನೂ ಬದಲಿಸಬೇಕು. ಮುಂದೆ ಆ ಸಿಲಿಂಡರ್ ಮುಟ್ಟೋ ಅಪರಿಚಿತನಿಗೂ ಗೊತ್ತಾಗಲಿ ಅಂತ.

ನನ್ನನ್ನು ಕಾಡೋದು ಆ ಅಪರಿಚಿತನೇ. ಬಳ್ಳಾರಿಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ 16 ಆಂಪಿಯರಿನ ದೊಡ್ಡ ಪ್ಲಗ್ಗನ್ನು 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಕೂರಿಸೋ ಕನ್ವರ್ಟರ್ ಸಿಗುತ್ತೆ. ತಂದವನಿಗೆ ಗೊತ್ತಿರುತ್ತೆ, ಇದಕ್ಕೆ ಸಣ್ಣ ಸಾಮಾನು ಮಾತ್ರ ಅಂತ. ಅವನು ಡ್ಯೂಟಿಗೆ ಹೋದ ಮೇಲೆ ಊರಿಂದ ಬಂದ ಅತ್ತೆ ಅದಕ್ಕೇ 2000 ವಾಟಿನ ವಾಟರ್ ಹೀಟರ್ ಚುಚ್ಚುತ್ತಾರೆ. ಕರೆಂಟು ಒಂಬತ್ತು ಆಂಪಿಯರಿನ ಹತ್ತಿರ. ಕನ್ವರ್ಟರ್ ಗೋಡೆಯಲ್ಲಿದೆ, ಅದರ ತಿಳಿವಳಿಕೆ ಅವನ ತಲೆಯಲ್ಲಿದೆ, ತಲೆ ಆಫೀಸಿನಲ್ಲಿದೆ. ಕೋಡಿನಲ್ಲೂ ಹಿಂಗೇ. ಬರೆದವನು ಕಂಪನಿ ಬಿಡ್ತಾನೆ, ಅಡಾಪ್ಟರ್ ಬಿಡೋದಿಲ್ಲ.

ಆದ್ದರಿಂದ "ಇದರಿಂದ ನನಗೇನಾದರೂ ಆಗುತ್ತಾ" ಅನ್ನೋ ಪ್ರಶ್ನೆ ಸಾಲದು. ಗೋಡೆ ಮಾಡ್ತಿದ್ದ ಕೆಲಸವನ್ನು ಇನ್ಮೇಲೆ ಯಾರು ಮಾಡ್ತಾರೆ? ನೈಟ್ರಾಕ್ಸಿನ ವಿಷಯದಲ್ಲಿ ಉತ್ತರ ಇದೆ: ಪ್ರತಿ ಸಿಲಿಂಡರಿನ ಆಕ್ಸಿಜನ್ನನ್ನು ಡೈವರ್ ತಾನೇ ಅನಲೈಸರಿನಿಂದ ಅಳೆದು, ಸಿಲಿಂಡರಿನ ಮೇಲೆ ಬರೆದಿಟ್ಟೇ ಇಳೀಬೇಕು. ಹೇಗಿದ್ದರೂ ಅಳೀತೀವಲ್ಲ, ಬೇರೆ ಥ್ರೆಡ್ ಯಾಕೆ ಅಂತ ಗೊಣಗೋ ಡೈವರುಗಳೂ ಇದ್ದಾರೆ. ಅವರ ಮಾತಲ್ಲೂ ನ್ಯಾಯ ಇದೆ, ನಿಜಕ್ಕೂ ಅಳೆಯೋರಾದರೆ.

ಗೆಳೆಯನಿಗೆ ಕೇಳಿದೆ, "ನೀನು ಪ್ರತಿ ಸಲ ಅಳೀತೀಯೇನಪ್ಪ?"

"ನಾನು ಅಳೀತೀನಲೇ," ಅಂದ. ಆಮೇಲೆ ಸ್ವಲ್ಪ ತಡೆದು, "ಆದ್ರೆ ರೆಗ್ಯುಲೇಟರ್ ಆಗಾಗ ರೂಮ್‌ಮೇಟ್ ಒಯ್ತಾನೆ."

ಯೋಕ್ ಅಡಾಪ್ಟರ್ ರೆಗ್ಯುಲೇಟರಿನ ಚೀಲದಲ್ಲೇ ಇರಲಿ, ಎಂ26 ಅಡಾಪ್ಟರನ್ನು ಅನಲೈಸರಿನ ಡಬ್ಬಿಗೆ ದಾರ ಕಟ್ಟಿ ಇಡು ಅಂದೆ. ನಕ್ಕ. ಕಟ್ಟಿದನೋ ಇಲ್ಲವೋ, ಈ ಸಲ ಕುರುಗೋಡಿಗೆ ಬಂದಾಗ ಕೇಳಬೇಕು.